ತಾವರೆಕೆರೆಯ ಶಾಸನ ಮತ್ತು ಯಂತ್ರದ ಓದು: ವಿಶೇಷ ಗ್ರಂಥಾಲಯಗಳಲ್ಲಿ ಕೃತಕ ಬುದ್ಧಿಮತ್ತೆ

ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ನೆರೆಯಾದ ತಾವರೆಕೆರೆ ಇಂದು ಜನನಿಬಿಡ ಬಡಾವಣೆ. ಸಮೀಪದ ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಗಳ ಮೇಲೆ ತಮಿಳು ಶಾಸನಗಳಿವೆ. ಅವುಗಳಲ್ಲಿ ಹಳೆಯದು ಕ್ರಿ.ಶ. 1247ರದು. 1365ರ ಶಾಸನವು ‘ತಾಮರೈಕ್ಕಿರೈ’ ಎಂಬಲ್ಲಿಯ ಭೂದಾನವನ್ನು ದಾಖಲಿಸುತ್ತದೆ. ಆ ಸ್ಥಳ ಇಂದಿನ ತಾವರೆಕೆರೆಯೇ ಎಂದು ಎಚ್.ಎಸ್. ಗೋಪಾಲರಾವ್ ಗುರುತಿಸಿದ್ದಾರೆ. ಭಾಷೆ, ಲಿಪಿಗಳ ಗಡಿಯನ್ನು ದಾಟಿದ ಈ ಓದು, ವಿಶೇಷ ಗ್ರಂಥಾಲಯಗಳು ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿಕೊಳ್ಳುತ್ತಿರುವ ಸಂದರ್ಭದಲ್ಲಿ ಪರಿಶೀಲನೆಗೆ ಯೋಗ್ಯವಾದ ನಿದರ್ಶನವಾಗಿದೆ.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಅದರಲ್ಲಿ ದಾಖಲಾದ ಕಲ್ಲುಗಳಲ್ಲಿ ಹಲವು ನಗರ ಬೆಳೆದಂತೆ ನಾಶವಾಗಿವೆ. ಅವುಗಳಿಗೆ ಅಚ್ಚಿನ ಪಾಠವೇ ಆಧಾರ. ಉಳಿದವುಗಳ ರಕ್ಷಣೆಗಾಗಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಲ್ಲಿ ಶಾಸನಗಳ ಮೂರು ಆಯಾಮದ ಡಿಜಿಟಲ್ ದಾಖಲೀಕರಣವನ್ನು ಕೈಗೊಂಡಿತು. ಶಾಸನಾಕ್ಷರಗಳ ಚಿತ್ರಗಳನ್ನು ಬಿಡಿಬಿಡಿಯಾಗಿ ಸಂಗ್ರಹಿಸಿದ ‘ಅಕ್ಷರ ಭಂಡಾರ’ ಈ ಯೋಜನೆಯ ಫಲ. ಅಚ್ಚಿನ ಪುಟಗಳ ಮಟ್ಟಿಗೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ತಂತ್ರಾಂಶವು ಕನ್ನಡವನ್ನಷ್ಟೇ ಅಲ್ಲದೆ ಕನ್ನಡ ಲಿಪಿಯ ತುಳು, ಕೊಂಕಣಿ, ಸಂಸ್ಕೃತ ಪಠ್ಯಗಳನ್ನೂ ಗುರುತಿಸಬಲ್ಲದು. ಯಂತ್ರವು ಅಕ್ಷರವನ್ನು ಕಲಿಯುವುದು ವಿದ್ವಾಂಸರು ಮೊದಲೇ ಓದಿ ಖಚಿತಪಡಿಸಿದ ಪಾಠಗಳಿಂದ. ಆದ್ದರಿಂದ ಹಳೆಯ ತಲೆಮಾರಿನ ಶ್ರಮವೇ ಹೊಸ ತಂತ್ರದ ಬಂಡವಾಳವೆನ್ನಬೇಕು.

ಅಕ್ಷರ ತಿಳಿದ ಮಾತ್ರಕ್ಕೆ ಅರ್ಥ ದಕ್ಕುವುದಿಲ್ಲ. ‘ತಾಮರೈ’ ಮತ್ತು ‘ತಾವರೆ’ಗಳ ಸಾಮ್ಯವನ್ನು ಯಂತ್ರವೂ ಸೂಚಿಸಬಲ್ಲದು. ಆದರೆ ಮಾಗಡಿ ರಸ್ತೆಯಲ್ಲಿಯೂ ಒಂದು ತಾವರೆಕೆರೆಯಿದೆ. ಯಾವ ಊರೆಂಬುದನ್ನು ನಿರ್ಧರಿಸಲು ಶಾಸನವಿರುವ ದೇವಾಲಯ, ಅದರಲ್ಲಿ ಬರುವ ಅಕ್ಕಪಕ್ಕದ ಊರು, ಕೆರೆಗಳ ಪರಿಚಯ ಅಗತ್ಯ. ಸುದ್ದಗುಂಟೆಪಾಳ್ಯದ ಹೆಸರೂ ಇಂಥದ್ದೇ. ‘ಗುಂಟೆ’ ಎಂದರೆ ಎಕರೆಯ ನಲವತ್ತನೆಯ ಒಂದು ಭಾಗ. ‘ಕುಂಟೆ’ ಎಂದರೆ ಸಣ್ಣ ಕೊಳ, ಹೊಲದ ಸಲಕರಣೆಯೂ ಹೌದು. ಬಳಕೆಯಲ್ಲಿ ‘ಎಸ್.ಜಿ. ಪಾಳ್ಯ’ವಾದಾಗ ಈ ಸಾಧ್ಯತೆಗಳೆಲ್ಲ ಮರೆಯಾಗುತ್ತವೆ. ಎರಡೂ ರೂಪಗಳನ್ನು ಪರಸ್ಪರ ಜೋಡಿಸುವ ಅಡ್ಡ ಉಲ್ಲೇಖ ಸೂಚಿಯಲ್ಲಿ ಇಲ್ಲದಿದ್ದರೆ ಶೋಧಕನಿಗೆ ಅರ್ಧ ದಾಖಲೆಗಳು ಕಾಣುವುದೇ ಇಲ್ಲ.

ಮೌಖಿಕ ಸಾಹಿತ್ಯದ ಧ್ವನಿಸಂಗ್ರಹಗಳಲ್ಲಿ ಈ ಸಮಸ್ಯೆ ಇನ್ನೂ ತೀವ್ರವಾದುದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯಂಥ ಯೋಜನೆಗಳಿಂದ ಮಾತನ್ನು ಬರಹಕ್ಕಿಳಿಸುವ ಕೆಲಸ ಸುಲಭವಾಗುತ್ತಿದೆ. ಆದರೆ ಹಳೆಯ ಮೈಸೂರು ಸೀಮೆಯ ಗಾಯಕಿ ‘ಹಾಡು’ ಎಂಬುದನ್ನು ‘ಆಡು’ ಎಂದಾಗ, ಶಿಷ್ಟ ಕನ್ನಡವನ್ನು ಕಲಿತ ಯಂತ್ರ ಅದನ್ನು ತಿದ್ದಿಬಿಡಬಹುದು, ಇಲ್ಲವೇ ಮೇಕೆಯೆಂದು ತಿಳಿಯಬಹುದು. ಮೊದಲನೆಯದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಆದ್ದರಿಂದ ಅದೇ ಹೆಚ್ಚು ಅಪಾಯಕಾರಿ. ತಿದ್ದಿದ ಪಾಠವೇ ಮುಂದೆ ಆಕರವಾದಲ್ಲಿ ಉಪಭಾಷೆಯ ಸಾಕ್ಷ್ಯ ದಾಖಲೆಯಿಂದಲೇ ಅಳಿಸಿಹೋಗುತ್ತದೆ.

ಈ ಕಾರಣದಿಂದ ವಿಶೇಷ ಗ್ರಂಥಾಲಯಗಳು ಮೂಲ ಚಿತ್ರ ಅಥವಾ ಧ್ವನಿ, ಯಂತ್ರದ ಓದು, ವಿದ್ವಾಂಸರ ಪಾಠ ಈ ಮೂರನ್ನೂ ಬೇರೆಬೇರೆಯಾಗಿ, ಯಾವುದು ಯಾರದೆಂಬ ನಮೂದಿನೊಡನೆ ಕಾಯ್ದಿಡಬೇಕಾಗುತ್ತದೆ. ಸೂಚೀಕಾರರ ಹೊಣೆ ಯಂತ್ರದಿಂದ ಕಡಿಮೆಯಾಗಿಲ್ಲ. ಪರಿಶೀಲಿಸಬೇಕಾದ ಓದು ಮತ್ತೊಂದು ಸೇರಿದೆ. ರೈಸ್ ಅವರ ಪಾಠವನ್ನು ನೂರು ವರ್ಷಗಳ ಅನಂತರವೂ ಉಳಿದ ಕಲ್ಲಿನೊಡನೆ ಹೋಲಿಸಿ ತಿದ್ದಲು ಸಾಧ್ಯವಿದೆ. ಯಂತ್ರದ ಪಾಠಕ್ಕೂ ಅದೇ ಅವಕಾಶ ಉಳಿಯುವಂತೆ ನೋಡಿಕೊಳ್ಳುವುದು ಗ್ರಂಥಾಲಯಗಳ ಕರ್ತವ್ಯವಾಗಿದೆ.