ಹೆಜ್ಜೆಯ ಎಣಿಕೆಯೂ ನಡಿಗೆಯ ಬಿರುಸೂ

ಮನುಷ್ಯನು ಹೆಜ್ಜೆಗಳನ್ನು ಎಣಿಸತೊಡಗಿದುದು ನೆಲವನ್ನು ಅಳೆಯುವುದಕ್ಕಾಗಿ. ತನ್ನ ದೇಹಸ್ಥಿತಿಯನ್ನು ಅಳೆಯುವುದಕ್ಕಾಗಿ ಅಲ್ಲ. ರೋಮನರು ತಮ್ಮ ದಾರಿಗಳನ್ನು 'ಮಿಲ್ಲೆ ಪಾಸ್ಸುಸ್' ಎಂಬ ಮಾನದಿಂದ ಅಳೆಯುತ್ತಿದ್ದರು. ಒಂದು ಕಾಲನ್ನು ಊರಿದೆಡೆಯಿಂದ ಅದೇ ಕಾಲನ್ನು ಮತ್ತೆ ಊರುವ ಎಡೆಯವರೆಗಿನ ಜೋಡಿಹೆಜ್ಜೆ ಒಂದು 'ಪಾಸ್ಸುಸ್'. ಅಂತಹ ಸಾವಿರ ಸೇರಿದರೆ ಒಂದು ಮೈಲಿ. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ 'ಮೈಲಿ' ಎಂಬ ಶಬ್ದದಲ್ಲಿಯೂ, ಕನ್ನಡಿಗರು ಅದರಿಂದ ಮಾಡಿಕೊಂಡ 'ಮೈಲಿಗಲ್ಲು' ಎಂಬ ಮಾತಿನಲ್ಲಿಯೂ ಆ ಸಾವಿರದ ಎಣಿಕೆ ಅಡಗಿದೆ.

ಭರತಖಂಡದಲ್ಲಿ ಈ ವಿದ್ಯೆಯು ಪರಾಕಾಷ್ಠೆಯನ್ನು ಮುಟ್ಟಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಪರದೇಶೀಯರಿಗೆ ಪ್ರವೇಶವಿಲ್ಲದಿದ್ದ ತಿಬೆಟ್ಟನ್ನು ಅಳೆಯಲು ಭೂಮಾಪನ ಇಲಾಖೆಯ ಮಾಂಟ್‌ಗೊಮೆರಿ ಎಂಬ ಅಧಿಕಾರಿಯು ಕುಮಾವೂನಿನ ನೈನ್ ಸಿಂಗನೇ ಮೊದಲಾದವರಿಗೆ ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಒಂದೇ ಅಳತೆಯ ಹೆಜ್ಜೆಯಿಡುವುದನ್ನು ಕಲಿಸಿದನು. ನೈನ್ ಸಿಂಗನು ೧೮೬೫ರಲ್ಲಿ ಹೊರಟು ೧೮೬೬ರ ಜನವರಿಯಲ್ಲಿ ಲ್ಹಾಸಾ ನಗರವನ್ನು ಸೇರಿದನು. ಅವನ ಕೈಯಲ್ಲಿದ್ದ ಜಪಮಾಲೆಯಲ್ಲಿ ವಾಡಿಕೆಯ ೧೦೮ ಮಣಿಗಳಿಗೆ ಬದಲಾಗಿ ೧೦೦ ಮಣಿಗಳಿದ್ದವು. ನೂರು ಹೆಜ್ಜೆಗೆ ಒಂದು ಮಣಿ ಜಾರುತ್ತಿತ್ತು. ಮಾಲೆಯು ಒಂದು ಸುತ್ತು ಬಂದರೆ ೧೦,೦೦೦ ಹೆಜ್ಜೆ, ಅಂದರೆ ಸುಮಾರು ಐದು ಮೈಲಿ. ಇಂದು ಲೋಕವೆಲ್ಲವೂ ಆರೋಗ್ಯದ ಮಂತ್ರವೆಂಬಂತೆ ಉಚ್ಚರಿಸುವ ಸಂಖ್ಯೆಯೇ ಇದಾದರೂ ಆ ಮಾಲೆಯ ಎಣಿಕೆಗೂ ನಡೆಯುವವನ ನಾಡಿಗೂ ಯಾವ ಸಂಬಂಧವೂ ಇರಲಿಲ್ಲವೆಂಬುದು ಗಮನಾರ್ಹ.

ನೆಲದ ಈ ಅಳತೆಗೋಲು ದೇಹದ ಅಳತೆಗೋಲಾಗಿ ಜನಪ್ರಿಯವಾದುದು ಜಪಾನಿನಲ್ಲಿ. ೧೯೬೪ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದು ವ್ಯಾಯಾಮದಲ್ಲಿ ಜನರ ಆಸಕ್ತಿ ಹೆಚ್ಚಿದ್ದಿತು. ಮರುವರ್ಷ, ೧೯೬೫ರಲ್ಲಿ, ಯಮಾಸ ಎಂಬ ಸಂಸ್ಥೆಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಯೆಣಿಕೆಯ ಯಂತ್ರವೊಂದನ್ನು ಮಾರಾಟಕ್ಕೆ ತಂದು, ಅದಕ್ಕೆ 'ಮಂಪೊಕೇ' ಎಂದು ಹೆಸರಿಟ್ಟಿತು. 'ಮನ್' ಎಂದರೆ ಹತ್ತು ಸಾವಿರ, 'ಪೊ' ಎಂದರೆ ಹೆಜ್ಜೆ, 'ಕೇ' ಎಂದರೆ ಮಾಪಕ. ದಿನಕ್ಕೆ ಹತ್ತು ಸಾವಿರ ಹೆಜ್ಜೆಗಳೆಂಬ ನಿಯಮವು ಲೋಕದಲ್ಲಿ ಹಬ್ಬಿದುದಕ್ಕೆ ಮೂಲವು ಈ ಹೆಸರು. ಅಷ್ಟೇ ಹೆಜ್ಜೆ ಬೇಕೆಂದು ಪ್ರಯೋಗಗಳಿಂದ ನಿರ್ಣಯಿಸಿ ಆಮೇಲೆ ಇಟ್ಟ ಹೆಸರು ಇದಲ್ಲ.

ಈ ಹೆಸರಿನ ಆಕರ್ಷಣೆಯು ಶಬ್ದಾರ್ಥವನ್ನು ವಿಚಾರಿಸುವವರಿಗೆ ಸುಲಭವಾಗಿ ತಿಳಿಯುತ್ತದೆ. ಕನ್ನಡದಲ್ಲಿ ಎಣಿಕೆಯು ಸಾವಿರದಿಂದ ಲಕ್ಷಕ್ಕೆ ಏರುವುದು. ನಡುವಣ ಹತ್ತು ಸಾವಿರಕ್ಕೆ ಸಂಸ್ಕೃತದಲ್ಲಿ 'ಅಯುತ' ಎಂಬ ಶಬ್ದವಿದ್ದರೂ ವ್ಯವಹಾರದಲ್ಲಿ ಅದು ಉಳಿದಿಲ್ಲ. ಚೀನ, ಜಪಾನ್ ದೇಶಗಳಲ್ಲಿಯಾದರೋ ಹತ್ತು ಸಾವಿರವೇ ದೊಡ್ಡ ಎಣಿಕೆಯ ಮೂಲಮಾನ. ಆದುದರಿಂದ ಆ ಶಬ್ದಕ್ಕೆ ಸಂಖ್ಯಾರ್ಥದೊಡನೆ ಬಾಹುಳ್ಯದ, ಪೂರ್ಣತೆಯ ಅರ್ಥವೂ ಕೂಡಿಕೊಂಡಿದೆ. ಜಯಘೋಷವಾದ 'ಬನ್ಜಾಯ್' ಎಂಬುದರ ಅಕ್ಷರಾರ್ಥವು ಹತ್ತು ಸಾವಿರ ವರ್ಷ. ಎಂಟನೆಯ ಶತಮಾನದ ಪ್ರಸಿದ್ಧ ಕಾವ್ಯಸಂಕಲನವಾದ 'ಮನ್‌ಯೋಷು'ವಿನ ಹೆಸರಿನಲ್ಲಿಯೂ ಇದೇ 'ಮನ್' ಇದೆ. ಆದರೆ ಅದರಲ್ಲಿರುವ ಕವಿತೆಗಳು ಸುಮಾರು ನಾಲ್ಕೂವರೆ ಸಾವಿರ. 'ಸಾವಿರ ಸಲ ಹೇಳಿದೆ' ಎನ್ನುವ ಕನ್ನಡಿಗನನ್ನು ಯಾರೂ ಲೆಕ್ಕ ಕೇಳುವುದಿಲ್ಲವಷ್ಟೆ. ಬಾಹುಳ್ಯವಾಚಕವಾದ ಮಾತು ಪರಭಾಷೆಗಳಿಗೆ ಹೋಗಿ ಬರಿಯ ಅಂಕಿಯಾದಾಗ ಅದರ ಅಲಂಕಾರವು ಕಳಚಿ, ವೈದ್ಯಶಾಸ್ತ್ರದ ವಿಧಿಯೆಂಬ ಗೌರವವು ಅದಕ್ಕೆ ಲಭಿಸಿತು. ಮುಂದೆ ಮಣಿಕಟ್ಟಿನ ಯಂತ್ರಗಳೂ ಜೇಬಿನ ದೂರವಾಣಿಗಳೂ ಹೆಜ್ಜೆಗಳನ್ನು ಎಣಿಸತೊಡಗಲು, ಆ ಗೌರವವು ಮತ್ತಷ್ಟು ದೃಢವಾಯಿತು.

ಈ ವಿಧಿಯು ಹೇರುವ ಹೊರೆಯೂ ಅಲ್ಪವಲ್ಲ. ನಿಮಿಷಕ್ಕೆ ನೂರು ಹೆಜ್ಜೆಯಂತೆ ನಡೆದರೆ ಹತ್ತು ಸಾವಿರಕ್ಕೆ ಒಂದು ಗಂಟೆ ನಲವತ್ತು ನಿಮಿಷಗಳಾಗುವುವು. ದುಡಿಮೆಯ ಮಧ್ಯೆ ಇಷ್ಟು ಕಾಲವನ್ನು ದಿನವೂ ಒದಗಿಸಿಕೊಳ್ಳಲಾರದವರು ತಮ್ಮಿಂದಾಗದೆಂದು ನಡಿಗೆಯನ್ನೇ ಬಿಡುವುದುಂಟು. ೨೦೧೯ರಲ್ಲಿ ಅಮೆರಿಕದ ಐ-ಮಿನ್ ಲೀ ಮತ್ತು ಸಹೋದ್ಯೋಗಿಗಳು ಸರಾಸರಿ ೭೨ ವರ್ಷ ವಯಸ್ಸಿನ ೧೬,೭೪೧ ಮಂದಿ ಸ್ತ್ರೀಯರನ್ನು ಕುರಿತು ಪ್ರಕಟಿಸಿದ ಅಧ್ಯಯನವು ಇಲ್ಲಿ ಉಲ್ಲೇಖನೀಯವಾದುದು. ದಿನಕ್ಕೆ ಸುಮಾರು ೨,೭೦೦ ಹೆಜ್ಜೆ ನಡೆಯುವವರಿಗಿಂತ ೪,೪೦೦ ನಡೆಯುವವರಲ್ಲಿ ಮರಣದ ಪ್ರಮಾಣವು ಕಡಮೆಯಾಗಿದ್ದಿತು. ಸುಮಾರು ೭,೫೦೦ರವರೆಗೆ ಅದು ಇಳಿಯುತ್ತ ಹೋಗಿ ಅಲ್ಲಿಂದಾಚೆ ಸಮನಾಗಿ ನಿಂತಿತು. ಹತ್ತು ಸಾವಿರದಲ್ಲಿ ವಿಶೇಷವಾದ ಯಾವ ಗಡಿಯೂ ಕಾಣಲಿಲ್ಲ.

ಎಣಿಕೆಯ ಈ ಪರಂಪರೆಗೆ ಪಕ್ಕದಲ್ಲಿಯೇ ಮತ್ತೊಂದು ಪರಂಪರೆಯು ಬೆಳೆದು ಬಂದಿದೆ. ಅದರ ಮೂಲವಿರುವುದು ಓಟಗಾರರ ಸಾಧನೆಯಲ್ಲಿ. ೧೯೩೦ರ ದಶಕದಲ್ಲಿ ಜರ್ಮನಿಯ ಶಿಕ್ಷಕನಾದ ವೋಲ್ಡೆಮಾರ್ ಗೆರ್ಶ್ಲರನು, ಬಿರುಸಾದ ಓಟ, ನಡುವೆ ಅಳತೆಗೊಳಪಟ್ಟ ವಿರಾಮ, ಮತ್ತೆ ಬಿರುಸು ಎಂಬ ಕ್ರಮವನ್ನು ರೂಢಿಸಿದನು. ಅವನ ಶಿಷ್ಯನಾದ ರುಡಾಲ್ಫ್ ಹಾರ್ಬಿಗನು ೧೯೩೯ರಲ್ಲಿ ಮಿಲಾನ್ ನಗರದಲ್ಲಿ ೮೦೦ ಮೀಟರುಗಳನ್ನು ೧ ನಿಮಿಷ ೪೬.೬ ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಎಡೆಬಿಡದೆ ತಾಳಲಾಗದ ಶ್ರಮವನ್ನು ತುಂಡುತುಂಡಾಗಿ ಮಾಡಿದರೆ ತಾಳಬಹುದು. ವಿರಾಮದಲ್ಲಿ ದೇಹವು ಚೇತರಿಸಿಕೊಂಡು ಮುಂದಿನ ಸರದಿಗೆ ಅಣಿಯಾಗುವುದು. ಇಂಟರ್‌ವಲ್ ಎಂದು ಹೆಸರಾದ ಈ ಪದ್ಧತಿಯ ತತ್ತ್ವವೇ ಇದು.

ತರುಣರಾದ ಸ್ಪರ್ಧಾಳುಗಳ ಈ ಉಪಾಯವನ್ನು ವೃದ್ಧರ ನಡಿಗೆಗೆ ಅಳವಡಿಸಿದ ಶ್ರೇಯಸ್ಸು ಜಪಾನಿನ ನಾಗಾನೊ ಪ್ರಾಂತದ ಮತ್ಸುಮೊತೊ ನಗರದಲ್ಲಿರುವ ಶಿನ್‌ಶೂ ವಿಶ್ವವಿದ್ಯಾಲಯದ ಹಿರೋಶಿ ನೋಸೆ, ಶಿಜುಯೆ ಮಸುಕಿ ಮೊದಲಾದವರಿಗೆ ಸಲ್ಲುತ್ತದೆ. ವಯಸ್ಸೇರಿದಂತೆ ತೊಡೆಯ ಸ್ನಾಯುಗಳೂ ಆಮ್ಲಜನಕವನ್ನು ಬಳಸುವ ದೇಹಶಕ್ತಿಯೂ ಕುಗ್ಗುವುವು. ಕುಳಿತಲ್ಲಿಂದ ಏಳುವುದಕ್ಕೆ, ಮೆಟ್ಟಲನ್ನು ಹತ್ತುವುದಕ್ಕೆ ಪರರ ಕೈಯನ್ನು ಹಿಡಿಯಬೇಕಾಗಿ ಬರುವುದು. ವೃದ್ಧರ ಸಂಖ್ಯೆಯು ಬೆಳೆಯುತ್ತಿದ್ದ ಆ ದೇಶದಲ್ಲಿ ಇದು ಮನೆಮನೆಯ ಸಮಸ್ಯೆ. ನಿಧಾನದ ನಡಿಗೆಯಿಂದ ಸ್ನಾಯುಗಳಿಗೆ ಸಾಕಷ್ಟು ಪ್ರಚೋದನೆ ದೊರೆಯದು. ಬಿರುಸಿನ ನಡಿಗೆಯನ್ನು ಬಹಳ ಹೊತ್ತು ಮುಂದುವರಿಸುವುದು ಹಿರಿಯರಿಗೆ ದುಸ್ಸಾಧ್ಯ. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯೇ ಸರದಿಯ ನಡಿಗೆ: ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಇಂತಹ ಐದು ಆವೃತ್ತಿಗಳು, ಅಂದರೆ ಅರ್ಧಗಂಟೆ, ವಾರಕ್ಕೆ ನಾಲ್ಕು ದಿನ. ಬಿರುಸೆಂದರೆ ನಡೆಯುವವನ ಗರಿಷ್ಠ ಶಕ್ತಿಯಲ್ಲಿ ನೂರಕ್ಕೆ ೭೦ಕ್ಕೆ ಕಡಮೆಯಿಲ್ಲದುದು. ನಿಧಾನವೆಂದರೆ ಸುಮಾರು ೪೦. ಹೀಗೆ ಇಲ್ಲಿ ಅಳತೆಯು ಅವರವರ ದೇಹದಿಂದಲೇ ಹುಟ್ಟುವುದು. ಎಲ್ಲರಿಗೂ ಒಂದೇ ಸಂಖ್ಯೆಯೆಂಬುದಿಲ್ಲ.

ಎರಡು ಪದ್ಧತಿಗಳನ್ನೂ ಎದುರುಬದುರಾಗಿ ತೂಗಿದ ಪ್ರಯೋಗವು ೨೦೦೪ರಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾಯಿತು. ಸರಾಸರಿ ೬೩ ವರ್ಷ ವಯಸ್ಸಿನ ೬೦ ಪುರುಷರನ್ನೂ ೧೮೬ ಸ್ತ್ರೀಯರನ್ನೂ ಮೂರು ಗುಂಪು ಮಾಡಿ ಐದು ತಿಂಗಳು ಪರೀಕ್ಷಿಸಲಾಯಿತು. ಒಂದು ಗುಂಪಿಗೆ ನಡಿಗೆಯ ನಿಯಮವಿರಲಿಲ್ಲ; ಇನ್ನೊಂದಕ್ಕೆ ವಾರದಲ್ಲಿ ನಾಲ್ಕು ದಿನಗಳಾದರೂ ಮಧ್ಯಮ ವೇಗದಲ್ಲಿ ೮,೦೦೦ಕ್ಕೆ ಕಡಮೆಯಿಲ್ಲದ ಹೆಜ್ಜೆಗಳು; ಮೂರನೆಯದಕ್ಕೆ ಸರದಿಯ ನಡಿಗೆ. ಮೂರನೆಯ ಗುಂಪಿನವರಲ್ಲಿ ಮೊಣಕಾಲನ್ನು ಚಾಚುವ ಬಲವು ನೂರಕ್ಕೆ ೧೩ರಷ್ಟು, ಮಡಿಸುವ ಬಲವು ೧೭ರಷ್ಟು, ನಡಿಗೆಯಲ್ಲಿ ಆಮ್ಲಜನಕವನ್ನು ಬಳಸುವ ಗರಿಷ್ಠ ಶಕ್ತಿಯು ೯ರಷ್ಟು ಹೆಚ್ಚಿದುವು, ರಕ್ತದೊತ್ತಡವೂ ಇಳಿಯಿತು. ಹೆಜ್ಜೆಯೆಣಿಕೆಯ ಗುಂಪಿನವರ ಲಾಭಕ್ಕಿಂತ ಈ ಲಾಭವು ಸ್ಪಷ್ಟವಾಗಿ ಅಧಿಕವಾಗಿದ್ದಿತು.

ಒಂದು ದೇಶದ ಫಲಿತಾಂಶವನ್ನು ಇನ್ನೊಂದರಲ್ಲಿ ಪರೀಕ್ಷಿಸುವುದು ನ್ಯಾಯ. ೨೦೧೩ರಲ್ಲಿ ಡೆನ್ಮಾರ್ಕಿನ ವಿದ್ವಾಂಸರು ೩೨ ಮಂದಿ ಮಧುಮೇಹಿಗಳನ್ನು ಕುರಿತ ಪ್ರಯೋಗವನ್ನು ಪ್ರಕಟಿಸಿದರು. ಎಡೆಬಿಡದ ನಡಿಗೆಯವರೂ ಸರದಿಯ ನಡಿಗೆಯವರೂ ವ್ಯಯಿಸುವ ಶಕ್ತಿಯು ಸಮನಾಗಿರುವಂತೆ ಅದನ್ನು ಏರ್ಪಡಿಸಿದ್ದಿತು. ನಾಲ್ಕು ತಿಂಗಳ ತರುವಾಯ ಸರದಿಯ ನಡಿಗೆಯವರ ಆಮ್ಲಜನಕ ಬಳಕೆಯ ಶಕ್ತಿಯು ನೂರಕ್ಕೆ ಸುಮಾರು ೧೬ ಹೆಚ್ಚಿ, ದೇಹದ ತೂಕವು ಇಳಿದು, ಸಕ್ಕರೆಯ ಹತೋಟಿಯೂ ಉತ್ತಮವಾಗಿದ್ದಿತು. ಎಡೆಬಿಡದ ನಡಿಗೆಯವರಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ೨೦೧೯ರಲ್ಲಿ ಮಸುಕಿ ಮೊದಲಾದವರು ೬೭೯ ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಫಲವನ್ನು ನಿರ್ಣಯಿಸುವುದು ಬಿರುಸಾಗಿ ನಡೆದ ಕಾಲವೆಂದೂ, ವಾರಕ್ಕೆ ಒಟ್ಟು ಸುಮಾರು ೫೦ ನಿಮಿಷಗಳವರೆಗೆ ಆ ಫಲವು ಹೆಚ್ಚುತ್ತ ಹೋಗುವುದೆಂದೂ ತೋರಿಸಿದರು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಹೆಜ್ಜೆಗಳ ಒಟ್ಟು ಸಂಖ್ಯೆಯನ್ನು ಗಣನೆಗೆ ತೆಗೆದುಕೊಂಡ ಬಳಿಕ ನಡಿಗೆಯ ವೇಗಕ್ಕೂ ಮರಣಕ್ಕೂ ಸ್ಪಷ್ಟವಾದ ಸಂಬಂಧವು ಕಾಣಲಿಲ್ಲ. ಹಾಗಾದರೆ ಬಿರುಸು ನಿಷ್ಪ್ರಯೋಜಕವೆ? ಎರಡು ಬಗೆಯ ಅಧ್ಯಯನಗಳೂ ಕೇಳಿದ ಪ್ರಶ್ನೆಗಳು ಬೇರೆಯಾಗಿವೆಯೆಂಬುದನ್ನು ಮರೆಯಬಾರದು. ಅಮೆರಿಕದ್ದು ಜನರು ತಾವಾಗಿ ನಡೆದುದನ್ನು ನೋಡಿ ಅವರ ಆಯುಸ್ಸನ್ನು ವಿಚಾರಿಸಿತು. ಮತ್ಸುಮೊತೊ ನಗರದ್ದು ನಿಯಮವನ್ನು ವಿಧಿಸಿ ಕಾಲಿನ ಬಲವನ್ನೂ ಉಸಿರಿನ ಶಕ್ತಿಯನ್ನೂ ಅಳೆಯಿತು. ಬದುಕಿರುವಷ್ಟು ಕಾಲ ಸ್ವಂತ ಕಾಲಿನ ಮೇಲೆ ನಿಲ್ಲುವುದು ಆಯುಸ್ಸಿನ ಪ್ರಶ್ನೆಯಿಂದ ಬೇರೆಯಾದುದು. ಆದಕಾರಣ ಇವೆರಡೂ ಪರಸ್ಪರ ವಿರುದ್ಧವಾದ ಸಾಕ್ಷ್ಯಗಳಲ್ಲ. ಕುಳಿತೇ ಇರುವವನಿಗೆ ಹೆಜ್ಜೆಯೆಣಿಕೆಯು ಉತ್ತಮವಾದ ಪ್ರೇರಣೆ. ದಿನವೂ ನಡೆದರೂ ಕಾಲಿನ ಬಲವು ಕುಗ್ಗುತ್ತಿರುವವನಿಗೆ ಸರದಿಯ ನಡಿಗೆಯು ಹೆಚ್ಚು ತಕ್ಕುದು. ಹೃದ್ರೋಗವೋ ಕೀಲುನೋವೋ ಇರುವವರು ವೈದ್ಯರನ್ನು ಕೇಳಿಯೇ ಬಿರುಸನ್ನು ಆರಂಭಿಸುವುದು ಯುಕ್ತ.

ಒಟ್ಟಿನಲ್ಲಿ ನೋಡಿದರೆ, ಹೆಜ್ಜೆಯನ್ನು ಎಣಿಸುವುದು ಸುಲಭವಾದುದರಿಂದಲೂ ಹತ್ತು ಸಾವಿರವೆಂಬ ಮಾತು ಕಿವಿಗೆ ತುಂಬಿದಂತೆ ಕೇಳುವುದರಿಂದಲೂ ಆ ನಿಯಮವು ಬೇರೂರಿತು. ಅದೇ ದೇಶದಲ್ಲಿ ನಾಲ್ಕು ದಶಕಗಳ ಬಳಿಕ ಪ್ರಕಟವಾದ ಪ್ರಯೋಗವು, ಎಷ್ಟು ನಡೆದರೆಂಬುದರ ಜೊತೆಗೆ ಹೇಗೆ ನಡೆದರೆಂಬುದನ್ನೂ ಕೇಳಬೇಕೆಂದು ತೋರಿಸಿಕೊಟ್ಟಿತು. ನೈನ್ ಸಿಂಗನ ಜಪಮಾಲೆಯು ನೆಲವನ್ನು ಅಳೆಯುವುದಕ್ಕೆ ಸರಿಯಾದ ಸಾಧನವಾಗಿದ್ದಿತು. ದೇಹವನ್ನು ಅಳೆಯುವುದಕ್ಕೆ ಬೇಕಾದುದು ಮೂರು ನಿಮಿಷಗಳನ್ನು ತೋರಿಸುವ ಒಂದು ಗಡಿಯಾರ, ಮತ್ತು ನಡೆಯುವವನು ತನ್ನ ಉಸಿರಿನ ಮೇಲೆ ಇಡುವ ಗಮನ.