ನೆಲ ಹೊದೆದ ಹಸುರು: ಪರ್ಣಾವರಣದ ಅಳತೆ

ಅಶೋಕ ಚಕ್ರವರ್ತಿಯ ಶಾಸನಗಳನ್ನು ಧರಿಸಿದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಬೆಟ್ಟಗಳ ಕುರುಚಲು ಕಾಡಿನಿಂದ ಮೊದಲ್ಗೊಂಡು ಚಳ್ಳಕೆರೆಯ ಅಮೃತಮಹಲ್ ಕಾವಲುಗಳೆಂಬ ಹುಲ್ಲುಗಾವಲುಗಳವರೆಗೆ ಹಬ್ಬಿರುವ ಈ ಅಲ್ಪವೃಷ್ಟಿಯ ಸೀಮೆಯಲ್ಲಿ, ಮಳೆಯ ಹನಿಗಳ ಆಘಾತವನ್ನು ತಾಳಿ ಮಣ್ಣನ್ನು ಹಿಡಿದಿಡುವ ಮಹತ್ಕಾರ್ಯವು ವಿರಳವಾದ ಮರಗಳಿಗಿಂತ ಮಿಗಿಲಾಗಿ ಅವುಗಳ ಅಡಿಯ ಪೊದೆ, ಮೂಲಿಕೆ, ಹುಲ್ಲುಗಳಿಂದಲೇ ನೆರವೇರುತ್ತದೆ.

ಅಳೆಯುವ ಬಗೆ

ಈ ಸಸ್ಯಗಳ ಎಲೆಗಳ ನೆರಳು ನೆಟ್ಟಗೆ ನೆಲದ ಮೇಲೆ ಬಿದ್ದರೆ ಎಷ್ಟು ಭಾಗ ಮುಚ್ಚೀತೆಂಬ ಶೇಕಡಾವಾರು ಪ್ರಮಾಣವೇ ಪರ್ಣಾವರಣ. ಹುಲ್ಲು, ಮೂಲಿಕೆಗಳಿಗಾಗಿ 1 ಮೀಟರ್ ಚೌಕದ ಚೌಕಟ್ಟನ್ನು ನೆಲದ ಮೇಲಿರಿಸಿ ಆವೃತ ಭಾಗವನ್ನು ಅಂದಾಜು ಮಾಡುವರು. ಪೊದೆಗಳಿಗಾಗಿ ಟೇಪನ್ನು ನೇರವಾಗಿ ಎಳೆದು, ಅದರ ಮೇಲೆ ಎಲೆಗಳು ಚಾಚಿದ ಉದ್ದಗಳನ್ನು ಕೂಡಿಸುವರು. 30 ಮೀಟರ್ ಟೇಪಿನಲ್ಲಿ 12 ಮೀಟರ್ ಎಲೆಗಳ ಅಡಿಗೆ ಬಂದರೆ ಆವರಣ ಶೇಕಡಾ 40. ಒಂದರ ಮೇಲೊಂದು ಪದರಗಳಿರುವುದರಿಂದ ಎಲ್ಲ ಸಸ್ಯಗಳ ಆವರಣದ ಮೊತ್ತ ಶೇಕಡಾ 100ನ್ನು ಮೀರುವುದೂ ಉಂಟು.

ಏಕೆ ಅಳೆಯಬೇಕು?

ಬೇಸಗೆಯಲ್ಲಿ ಬರಿದಾಗಿ ಮಳೆಗಾಲದಲ್ಲಿ ಚಿಗುರುವ ಈ ನೆಲದ ಸ್ಥಿತಿಯನ್ನು ಒಂದೇ ಅಳತೆಯಿಂದ ಅರಿಯಲಾಗದು. ನಿಯತ ಸ್ಥಳಗಳಲ್ಲಿ, ಪ್ರತಿವರ್ಷವೂ ಅದೇ ಋತುವಿನಲ್ಲಿ ಅಳೆದಾಗಲೇ, ಮೇಯಿಸುವಿಕೆ, ಬೆಂಕಿ, ಬರಗಳ ಪರಿಣಾಮವನ್ನು ಬೇರ್ಪಡಿಸಿ ಅರಿಯುವುದೂ ದನಕರುಗಳಿಗೂ ಕೃಷ್ಣಮೃಗಗಳಿಗೂ ಆಸರೆಯಾದ ಈ ಹಸುರನ್ನು ವಿವೇಕದಿಂದ ರಕ್ಷಿಸುವುದೂ ಸಾಧ್ಯವಾಗುತ್ತದೆ.