ನಿಕಾನ್ ಡಿ90: ಗುಣದೋಷಗಳು

2008ರಲ್ಲಿ ಬಂದ ನಿಕಾನ್ ಡಿ90, ವೀಡಿಯೊ ಚಿತ್ರೀಕರಣ ಸೌಲಭ್ಯವಿದ್ದ ಮೊದಲ ಡಿಎಸ್‌ಎಲ್‌ಆರ್ ಕ್ಯಾಮರಾ. ಹವ್ಯಾಸಿಗಳಿಗಾಗಿ ರೂಪಿಸಿದ ಈ ಮಧ್ಯಮ ದರ್ಜೆಯ ಕ್ಯಾಮರಾದ ಸಾಮರ್ಥ್ಯ 12.3 ಮೆಗಾಪಿಕ್ಸೆಲ್.

ಗುಣಗಳು: ಫೋಕಸ್ ಮೋಟಾರು ಕ್ಯಾಮರಾದೊಳಗೇ ಇರುವುದರಿಂದ ಹಳೆಯ ಎಎಫ್ ಲೆನ್ಸುಗಳೂ ಸ್ವಯಂಚಾಲಿತವಾಗಿ ಫೋಕಸ್ ಆಗುತ್ತವೆ. 50 ಮಿ.ಮೀ. ಎಫ್/1.8 ಲೆನ್ಸನ್ನು ಜೋಡಿಸಿದರೆ, ಕೋಲ್ಕತ್ತದ ಕುಮಾರಟುಲಿಯಲ್ಲಿ ಮೂರ್ತಿಕಾರರ ಮಬ್ಬು ಬೆಳಕಿನ ಕಾರ್ಯಾಗಾರಗಳಲ್ಲಿ ಫ್ಲ್ಯಾಶ್ ಇಲ್ಲದೆಯೇ ಚಿತ್ರ ತೆಗೆಯಬಹುದು.

ದೋಷಗಳು: ವೀಡಿಯೊ ಚಿತ್ರೀಕರಣದ ವೇಳೆ ಸ್ವಯಂ ಫೋಕಸ್ ಇಲ್ಲ, ಎಚ್‌ಡಿ ತುಣುಕಿನ ಮಿತಿ 5 ನಿಮಿಷ. ಸಾಗುವ ಟ್ರಾಮಿನೊಂದಿಗೆ ಕ್ಯಾಮರಾವನ್ನು ವೇಗವಾಗಿ ತಿರುಗಿಸಿದರೆ ಹಿನ್ನೆಲೆಯ ಕಟ್ಟಡಗಳು ವಾಲಿದಂತೆ ಕಾಣುತ್ತವೆ. ಮಳೆ, ಧೂಳುಗಳಿಂದ ರಕ್ಷಣೆಯಿಲ್ಲದ ಕಾರಣ ಆಷಾಢ-ಶ್ರಾವಣಗಳಲ್ಲಿ ಹೊದಿಕೆ ಅವಶ್ಯ.

ಈ ಕ್ಯಾಮರಾಕ್ಕೆ ಪ್ರಸಿದ್ಧಿ ತಂದದ್ದು ವೀಡಿಯೊ. ಅದರ ನಿಜವಾದ ಬೆಲೆಯಿರುವುದು ಸ್ಥಿರಚಿತ್ರಗಳಲ್ಲಿ. ಇಂದು ಬಳಸಿದ ಕ್ಯಾಮರಾ ಕೊಳ್ಳುವವರು ಇದನ್ನು ನೆನಪಿಡುವುದು ಒಳಿತು.